ಹೊರೇಸನನ್ನು ಕಷ್ಟಕಾಲಕ್ಕೆಂದು ಎತ್ತಿಡಬೇಡಿ

ರೋಮಿನ ಕವಿ ಹೊರೇಸನನ್ನು (ಕ್ರಿ.ಪೂ. 65–8) ಬಹುಕಾಲದಿಂದ ಓದುತ್ತ, ಓದಿಸುತ್ತ ಬಂದಿದ್ದೇನೆ. ಅವನ ಸಾಲುಗಳು ಬಿಡಿಬಿಡಿಯಾಗಿ ಸಿಕ್ಕಾಗ ಬರೀ ಉಪದೇಶದಂತೆ ಕೇಳಿಸುತ್ತವೆ. ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದ್ದು ಎಂದು ನೋಡಿಕೊಂಡು ಓದಿದರೆ ಅವು ಬದುಕಿಗೆ ಒದಗುತ್ತವೆ.

1. ಹೇಳುತ್ತಿರುವವನು ಸೋತವನು ಎಂಬುದು ನೆನಪಿರಲಿ. ತಂದೆ ಗುಲಾಮಗಿರಿಯಿಂದ ಬಿಡುಗಡೆಯಾದವನು. ಮಗನನ್ನು ರೋಮಿಗೆ ಕರೆತಂದು, ಗುರುಗಳ ಬಳಿಗೆ ತಾನೇ ಜೊತೆಯಲ್ಲಿ ಹೋಗಿ ಓದಿಸಿದ. ಮಗ ಬ್ರೂಟಸನ ಸೈನ್ಯ ಸೇರಿ, ಕ್ರಿ.ಪೂ. 42ರಲ್ಲಿ ಫಿಲಿಪ್ಪೈ ಯುದ್ಧದಲ್ಲಿ ಸೋತು ಮರಳಿದಾಗ ಅಪ್ಪನ ಆಸ್ತಿ ಕೈಬಿಟ್ಟಿತ್ತು. ಖಜಾನೆಯಲ್ಲಿ ಗುಮಾಸ್ತನಾದ. ಸಮಚಿತ್ತದ ಮಾತಿಗೆ ಹೆಸರಾದ ‘ಓಡ್’ ಕವಿತೆಗಳ ಮೊದಲ ಮೂರು ಸಂಪುಟ ಹೊರಬಂದದ್ದು ಇದೆಲ್ಲ ಕಂಡ ಮೇಲೆ, ಕ್ರಿ.ಪೂ. 23ರಲ್ಲಿ.

2. ನೊಂದವರಿಗೆ ತಾಳ್ಮೆಯ ಮಾತನ್ನು ಕೊನೆಯಲ್ಲಿ ಹೇಳಿ. ಸಾವಾದ ಮನೆಯ ಹೊಸ್ತಿಲಲ್ಲೇ ‘ಸಮಾಧಾನ ಮಾಡ್ಕೊಳ್ಳಿ, ಹೋದವರು ಬರ್ತಾರಾ’ ಎನ್ನುವುದು ನಮ್ಮಲ್ಲಿ ರೂಢಿ. ಹೊರೇಸನೂ ಅದನ್ನೇ ಹೇಳುತ್ತಾನೆ, ಆದರೆ ಯಾವಾಗ ಎಂಬುದನ್ನು ಗಮನಿಸಿ. ಗೆಳೆಯ ಕ್ವಿಂಟಿಲಿಯಸ್ ತೀರಿಕೊಂಡಾಗ ಕವಿ ವರ್ಜಿಲನಿಗೆ ಬರೆದ ಕವಿತೆ ಇಪ್ಪತ್ತೇ ಸಾಲಿನದು. ಇಂಥವನಿಗಾಗಿ ಅಳಲು ಸಂಕೋಚವೇಕೆ ಎಂದು ಶುರುವಾಗುತ್ತದೆ. ಸತ್ತವನ ಪ್ರಾಮಾಣಿಕತೆಯನ್ನು ನೆನೆಯುತ್ತದೆ. ಎಲ್ಲರಿಗಿಂತ ಹೆಚ್ಚು ಅತ್ತವನು ವರ್ಜಿಲನೇ ಎಂದು ಒಪ್ಪುತ್ತದೆ. ಆರ್ಫಿಯಸನನ್ನು ಮೀರಿಸುವಂತೆ ನುಡಿಸಿದರೂ ಹೋದ ಜೀವ ಮರಳದು ಎನ್ನುವುದು ಆಮೇಲೆ. ಸತ್ತ ಹೆಂಡತಿಯನ್ನು ಸಂಗೀತದ ಬಲದಿಂದ ಮರಳಿ ತರಲು ಹೋದ ಆರ್ಫಿಯಸನ ಕಥೆಯನ್ನು ಸ್ವತಃ ವರ್ಜಿಲನೇ ಬರೆದಿದ್ದ, ಅವನಿಗೆ ಆ ಮಾತು ಎಲ್ಲಿ ತಟ್ಟಿರಬೇಕು! ತಾಳ್ಮೆಯ ಪ್ರಸ್ತಾಪ ಕಟ್ಟಕಡೆಗೆ, ಅದೂ ಇದು ಕಷ್ಟವೇ ಎಂದು ಒಪ್ಪಿಕೊಂಡ ಮೇಲೆ. ಈ ಕವಿತೆ ಓದಿದಂದಿನಿಂದ ಸಾವಿನ ಮನೆಗೆ ಹೋದರೆ, ಹೋದವರು ಹೇಗಿದ್ದರು ಎಂದು ಮನೆಯವರ ಬಾಯಿಂದಲೇ ಕೇಳುತ್ತ ಕೂರುತ್ತೇನೆ.

3. ಪಾರಾದ ದಿನದ ತಾರೀಖನ್ನು ಉಳಿಸಿಕೊಳ್ಳಿ. ತನ್ನ ಜಮೀನಿನಲ್ಲಿ ಮರವೊಂದು ಹೊರೇಸನ ತಲೆಯ ಮೇಲೇ ಉರುಳುವುದರಲ್ಲಿತ್ತು, ಕೂದಲೆಳೆಯಲ್ಲಿ ಬದುಕಿದ. ಒಂದು ಕವಿತೆಯಲ್ಲಿ ಆ ಮರ ನೆಟ್ಟವನಿಗೆ ಹಿಡಿಶಾಪ ಹಾಕುತ್ತಾನೆ, ಅಪ್ಪನ ಕತ್ತು ಮುರಿದ ಪಾಪಿಯೇ ಇರಬೇಕು ಎಂಬಷ್ಟು ಸಿಟ್ಟು. ಇನ್ನೊಂದರಲ್ಲಿ ಮರ ಬಿದ್ದ ಅದೇ ದಿನ, ಮಾರ್ಚ್ 1, ಹಬ್ಬವಾಗಿದೆ. ಆ ದಿನ ರೋಮಿನಲ್ಲಿ ಮುತ್ತೈದೆಯರ ಹಬ್ಬ. ಮದುವೆಯಾಗದ ಇವನೇಕೆ ಹೂವು, ಧೂಪ ಸಿದ್ಧಮಾಡಿಕೊಂಡಿದ್ದಾನೆ ಎಂದು ಅವನ ಆಶ್ರಯದಾತ, ಗೆಳೆಯ ಮೆಸೀನಸನಿಗೆ ಅಚ್ಚರಿ. ಬಾಯಿಗೆ ರಾಳ ಮೆತ್ತಿ ಎಷ್ಟೋ ವರ್ಷ ಹೊಗೆಯಲ್ಲಿಟ್ಟಿದ್ದ ದ್ರಾಕ್ಷಾರಸದ ಜಾಡಿ ಅವತ್ತು ತೆರೆಯಬೇಕು, ಗೆಳೆಯ ರಾಜ್ಯದ ಚಿಂತೆ ಬದಿಗಿಟ್ಟು ಕೂರಬೇಕು. ಉಳಿಸಿದ ದೇವರು ಯಾರು? ಒಂದು ಕಡೆ ಫಾನಸ್, ಒಂದು ಕಡೆ ಬ್ಯಾಕಸ್, ಮತ್ತೊಂದು ಕಡೆ ಕಾವ್ಯದೇವತೆಯರು. ಕೃತಜ್ಞತೆಯಲ್ಲಿ ಇಷ್ಟು ಧಾರಾಳ ನನಗೆ ತುಂಬ ಇಷ್ಟ. ನನ್ನ ಜೊತೆ ಓದಿದ ಕೆಲವರು ಆಪರೇಷನ್ ಮುಗಿಸಿ ಮನೆಗೆ ಬಂದ ದಿನವನ್ನು ಹೀಗೆ ನೆನಪಿಟ್ಟು ಪಾಯಸ ಮಾಡುತ್ತಾರೆ.

4. ಚೆನ್ನಾಗಿರುವಾಗಲೇ ಓದಿ. ಲಿಸಿನಿಯಸ್ ಎಂಬವನಿಗೆ ಬರೆದ, ಮಧ್ಯಮಮಾರ್ಗದ ಕವಿತೆಯನ್ನು ಜನ ಕಷ್ಟಕ್ಕೆ ಧೈರ್ಯ ಹೇಳಲು ಬಳಸುತ್ತಾರೆ. ಅದು ಮುಗಿಯುವುದು ಗಾಳಿ ತೀರಾ ಅನುಕೂಲವಾದಾಗ ಹಾಯಿ ಇಳಿಸು ಎಂಬ ಬುದ್ಧಿಮಾತಿನಿಂದ. ಬಡ್ತಿ ಸಿಕ್ಕ ವಾರ, ಮನೆ ಕೊಂಡ ತಿಂಗಳು ಅದಕ್ಕೆ ತಕ್ಕ ಕಾಲ.

5. ಉಪಕಾರಿಗೆ ‘ಇಲ್ಲ’ ಎನ್ನುವುದನ್ನೂ ಕಲಿಯಿರಿ. ಸಬೈನ್ ಬೆಟ್ಟಗಳ ನಡುವಿನ ಜಮೀನು ದಕ್ಕಿದ್ದು ಮೆಸೀನಸನ ದೆಸೆಯಿಂದ. ಐದು ದಿನವೆಂದು ಹೇಳಿ ಹೋದ ಹೊರೇಸ್ ಇಡೀ ಆಗಸ್ಟ್ ಹಳ್ಳಿಯಲ್ಲೇ ಉಳಿದ. ಧಣಿಗೆ ಬರೆದ ಪದ್ಯಪತ್ರದಲ್ಲಿ ನಯವಾಗಿ, ಕಥೆಗಳನ್ನು ಹೇಳುತ್ತಲೇ, ಸದಾ ನಿನ್ನ ಜೊತೆಗಿರಬೇಕು ಎಂಬುದೇ ಷರತ್ತಾದರೆ ಕೊಟ್ಟದ್ದನ್ನೆಲ್ಲ ಹಿಂತಿರುಗಿಸಲು ಸಿದ್ಧ ಎಂದು ತಿಳಿಸುತ್ತಾನೆ. ಅಗಸ್ಟಸ್ ಚಕ್ರವರ್ತಿ ತನ್ನ ಪತ್ರವ್ಯವಹಾರ ನೋಡಿಕೊಳ್ಳಲು ಕರೆದಾಗಲೂ ಒಲ್ಲೆ ಎಂದ. ಎರಡೂ ಸ್ನೇಹಗಳು ಮುರಿಯಲಿಲ್ಲ. ಹೊರೇಸನನ್ನು ನನ್ನಂತೆಯೇ ಕಾಣು ಎಂದು ಮೆಸೀನಸ್ ಸಾಯುವಾಗ ಅಗಸ್ಟಸನನ್ನು ಕೇಳಿಕೊಂಡಿದ್ದ.