ತುರ್ತು ಚಿಕಿತ್ಸೆಯಲ್ಲಿ ಮೊದಲ ಸರದಿ ಯಾರದು?

ಅಳುವ ಮಗುವಿಗೆ ಹಾಲು ಎಂಬುದು ನಮ್ಮ ಹಿರಿಯರ ಮಾತು. ಲೋಕವ್ಯವಹಾರದಲ್ಲಿ ಅದು ದಿಟವೇ. ಆದರೆ ಈ ಮಾತು ನಡೆಯದ, ನಡೆಯಲೂ ಬಾರದ ಒಂದು ಸ್ಥಳವುಂಟು. ಅದೇ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ. ನಾನು ವೈದ್ಯಶಾಸ್ತ್ರ ಓದಿದವನಲ್ಲ, ಇತಿಹಾಸದ ವಿದ್ಯಾರ್ಥಿ. ಆದರೂ ಈ ವಿಷಯವನ್ನು ಬರೆಯಹೊರಟದ್ದಕ್ಕೆ ಕಾರಣ, ಅಲ್ಲಿ ನಾನೇ ಮಾಡಿದ ಒಂದು ತಪ್ಪು.

ಕಳೆದ ಮಳೆಗಾಲದ ಒಂದು ಮುಂಜಾನೆ ಡೈರಿಗೆ ಹಾಲು ಒಯ್ಯುತ್ತಿದ್ದ ನನ್ನ ತಮ್ಮ ಬೈಕು ಜಾರಿ ಬಿದ್ದ. ಹಣೆ ಒಡೆದು ಅಂಗಿಯೆಲ್ಲ ರಕ್ತವಾಗಿತ್ತು, ಎಡಗೈ ಮುರಿದಿತ್ತು. ಆಸ್ಪತ್ರೆಯಲ್ಲಿ ನರ್ಸ್ ಅವನ ಹೆಸರು ಕೇಳಿದರು, ನಾಡಿ ನೋಡಿದರು, ಹಣೆಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಕೈಗೆ ಆಸರೆ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಅಷ್ಟರಲ್ಲಿ ನಡುವಯಸ್ಸಿನ ಕೂಲಿ ಹೆಂಗಸೊಬ್ಬರನ್ನು ಆಟೋದಲ್ಲಿ ಕರೆತಂದರು. ಗಾಯವಿಲ್ಲ, ರಕ್ತವಿಲ್ಲ, ಕೂಗಾಟವಿಲ್ಲ. ನಡುರಾತ್ರಿಯಿಂದ ಹೊಟ್ಟೆನೋವಂತೆ. ಕಣ್ಣಿನ ರೆಪ್ಪೆಗಳು ಮಾತ್ರ ನಿದ್ದೆ ಹತ್ತಿದವರಂತೆ ಇಳಿಬಿದ್ದಿದ್ದವು. "ಅಮ್ಮಾ, ಒಂದೇ ಉಸಿರಿನಲ್ಲಿ ಎಣಿಸಿ ನೋಡೋಣ" ಎಂದರು ನರ್ಸ್. ಆಕೆಯ ಎಣಿಕೆ ಆರಕ್ಕೇ ನಿಂತಿತು. ಕೂಡಲೇ ಗಾಲಿಮಂಚ ಬಂತು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಸಿಸ್ಟರ್, ಮೊದಲು ಬಂದವರು ನಾವು. ನನ್ನ ತಮ್ಮನ ರಕ್ತ ನಿಮ್ಮ ಕಣ್ಣಿಗೆ ಕಾಣಲಿಲ್ಲವೇ?" ಎಂದು ಕೂಗಿದೆ.

"ನೋಡಪ್ಪ, ನಿನ್ನ ತಮ್ಮ ಮಾತಾಡ್ತಿದಾನೆ. ಆಯಮ್ಮನಿಗೆ ಉಸಿರೇ ಸಾಲ್ತಿಲ್ಲ. ದಾರಿ ಬಿಡು" ಎಂದರು ಅವರು. ನಾಚಿ ಹಿಂದೆ ಸರಿದೆ.

ಬಿಡುವಾದ ಮೇಲೆ ವೈದ್ಯರು ವಿವರಿಸಿದರು. ಆಕೆ ನೆಲದ ಮೇಲೆ ಮಲಗಿದ್ದವರು. ಲಕ್ಷಣಗಳೆಲ್ಲ ಕಟ್ಟುಹಾವಿನ ಕಡಿತದವು. ಈ ಹಾವು ರಾತ್ರಿ ಸಂಚಾರಿ. ಅದು ಕಚ್ಚಿದರೆ ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ. ಕೆಲವೊಮ್ಮೆ ಹಲ್ಲಿನ ಗುರುತೂ ಸಿಕ್ಕದು. ವಿಷವು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ನುಂಗಲಾಗದು, ಕಡೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಕೊಳಕುಮಂಡಲದ ವಿಷದ ರೀತಿ ಬೇರೆ; ಅದು ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ. ಆದ್ದರಿಂದ ಸ್ವಲ್ಪ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ಆಕೆಯ ರಕ್ತ ಹೆಪ್ಪುಗಟ್ಟಿತ್ತು.

ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಅದು ಕುದುರೆಯ ರಕ್ತದಿಂದ ತಯಾರಾದದ್ದು. ಕೆಲವರ ಮೈಗೆ ಒಗ್ಗದೆ ಅಪಾಯವಾಗಬಹುದಾದ್ದರಿಂದ ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಿರಬೇಕು. ಆದರೆ ಕಟ್ಟುಹಾವಿನ ವಿಷ ಈಗಾಗಲೇ ನರಕ್ಕೆ ಮಾಡಿದ ಹಾನಿಯನ್ನು ಪ್ರತಿವಿಷವು ಕೂಡಲೇ ಸರಿಪಡಿಸಲಾರದು. ನರಗಳು ಚೇತರಿಸುವ ತನಕ ವೆಂಟಿಲೇಟರ್ ಯಂತ್ರವೇ ರೋಗಿಯ ಪರವಾಗಿ ಉಸಿರಾಡಬೇಕು.

ತುರ್ತು ವೈದ್ಯದ ಕ್ರಮವೇ ಇದು: ರೋಗದ ಹೆಸರು ತಿಳಿಯುವ ಮೊದಲೇ ಪ್ರಾಣದ ಅಪಾಯವನ್ನು ತಿಳಿಯುವುದು. ಮೊದಲು ಶ್ವಾಸಮಾರ್ಗ ತೆರೆದಿದೆಯೇ, ಎರಡನೆಯದಾಗಿ ಉಸಿರಾಟ ಸಾಕಷ್ಟಿದೆಯೇ, ಮೂರನೆಯದಾಗಿ ರಕ್ತಪರಿಚಲನೆ ಹೇಗಿದೆ, ನಾಲ್ಕನೆಯದಾಗಿ ಪ್ರಜ್ಞೆ, ಐದನೆಯದಾಗಿ ಮೈಯೆಲ್ಲ ತೆರೆದು ನೋಡುವುದು. ಒಂದು ಹಂತದಲ್ಲಿ ಕೊರತೆ ಕಂಡರೆ ಅದನ್ನು ಅಲ್ಲೇ ಸರಿಪಡಿಸಿ ಮುಂದೆ ಸಾಗುತ್ತಾರೆ. ಹೀಗೆ ನೋಡಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಆಕೆ ಕೆಂಪು, ನನ್ನ ತಮ್ಮ ಹಳದಿ. ವಿಂಗಡಣೆ ಒಮ್ಮೆಗೆ ಮುಗಿಯುವುದೂ ಇಲ್ಲ. ತಲೆಗೆ ಪೆಟ್ಟು ಬಿದ್ದವನೆಂದು ಅವನನ್ನು ಆಗಾಗ ಮಾತನಾಡಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಲೇ ಇದ್ದರು. ಅದನ್ನು ನಾನು ಉಪೇಕ್ಷೆಯೆಂದು ತಿಳಿದಿದ್ದೆ!

ಈ ವಿಂಗಡಣೆಗೆ ಟ್ರಯೇಜ್ ಎಂಬ ಫ್ರೆಂಚ್ ಹೆಸರಿದೆ. ನೆಪೋಲಿಯನ್ನನ ಸೇನಾವೈದ್ಯ ಡೊಮಿನಿಕ್ ಲಾರೆ (1766–1842) ಯುದ್ಧಭೂಮಿಯಲ್ಲಿ ಗಾಯಾಳುಗಳ ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನೇ ನೋಡಿ ಚಿಕಿತ್ಸೆ ಮಾಡಬೇಕೆಂದು ವಿಧಿಸಿದನು. ಸಮತೆಯೆಂದರೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದಲ್ಲ, ಅಗತ್ಯವನ್ನು ಅಳೆಯುವುದು ಎಂಬ ಪಾಠ ನನಗೆ ದೊರೆತದ್ದು ತರಗತಿಯಲ್ಲಲ್ಲ, ಆ ಬಾಗಿಲಲ್ಲಿ.

ಹಳ್ಳಿಗಳಿಂದ ಬರುವ ಸಹಪಾಠಿಗಳಲ್ಲಿ ಒಂದು ಬಿನ್ನಹ. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕೈಕಾಲು ಅಲುಗದಂತೆ ಮಲಗಿಸಿ, 108ಕ್ಕೆ ಕರೆ ಮಾಡಿ. ನೆಲದ ಮೇಲೆ ಮಲಗಿ ಎದ್ದವರಿಗೆ ಹೊಟ್ಟೆನೋವಿನೊಡನೆ ರೆಪ್ಪೆ ಜೋತರೆ, ಗಾಯ ಕಾಣದಿದ್ದರೂ ತಡಮಾಡಬೇಡಿ.

ಕೆಲವು ದಿನಗಳ ಮೇಲೆ ತಮ್ಮನ ಕೈ ತೋರಿಸಲು ಹೋದಾಗ ಆಕೆ ಮಂಚದ ಮೇಲೆ ಕುಳಿತು ಗಂಜಿ ಕುಡಿಯುತ್ತಿದ್ದರು. ನನ್ನ ಗುರುತು ಅವರಿಗಿರಲಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತಿದ್ದ ಆ ಅರ್ಧ ನಿಮಿಷ ಮಾತ್ರ ನನಗೆ ಇಂದಿಗೂ ನೆನಪಿದೆ.