ಕೆಲಸಗಳ ಪಟ್ಟಿ ಮತ್ತು ಗಡುವಿನ ಗಣಿತ

ವಿದ್ಯಾರ್ಥಿವೇತನದ ಅರ್ಜಿಗೆ ಇನ್ನೂ ಒಂದು ತಿಂಗಳ ಅವಕಾಶವಿದೆಯೆಂದು ಕಡತವನ್ನು ಕಪಾಟಿನಲ್ಲಿಟ್ಟ ಮೇಲೆ, ಹಾಜರಿ, ಶುಲ್ಕ, ಪತ್ರವ್ಯವಹಾರಗಳ ನಡುವೆ ಆ ತಿಂಗಳು ಕಳೆದುಹೋಗುವುದು ಶಾಲಾ ಕಾರ್ಯಾಲಯಗಳಿಗೆ ಹೊಸದೇನಲ್ಲ. ಮರೆವು ಕಾರ್ಯಾಲಯದ್ದು, ನಷ್ಟವಾದರೋ ದೂರದ ಹಳ್ಳಿಯಿಂದ ಬಂದು ಪ್ರಸಾದ ನಿಲಯದಲ್ಲಿದ್ದು ಓದುವ ಹುಡುಗನದು. ಕೆಲಸಗಳನ್ನೂ ಗಡುವುಗಳನ್ನೂ ಒಂದೆಡೆ ಬರೆದಿಡುವ ಸಾಧನಗಳು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿವೆ.

ಗಣಕಯಂತ್ರದಲ್ಲಿ ಇದಕ್ಕಾಗಿ ದೊರೆಯುವ ತಂತ್ರಾಂಶಗಳಲ್ಲಿ 'ಟಾಸ್ಕ್‌ವಾರಿಯರ್' ಒಂದು. ಪಾಲ್ ಬೆಕಿಂಗ್‌ಹ್ಯಾಮ್ ಎಂಬವರು ಆರಂಭಿಸಿದ ಇದು 2008ರಲ್ಲಿ ಹೊರಬಂದಿತು. ಮುಕ್ತ ತಂತ್ರಾಂಶವಾದುದರಿಂದ ಹಣ ತೆರಬೇಕಾಗಿಲ್ಲ; ಒಮ್ಮೆ ಅಳವಡಿಸಿದರೆ ಅಂತರಜಾಲದ ಹಂಗೂ ಇಲ್ಲ. ಚಿತ್ರಗಳಾಗಲಿ ಗುಂಡಿಗಳಾಗಲಿ ಇದರಲ್ಲಿಲ್ಲ. ಕೀಲಿಮಣೆಯಲ್ಲಿ ಒಂದು ಸಾಲಿನ ಆಜ್ಞೆಯನ್ನು ಬರೆದರೆ ಪರದೆಯ ಮೇಲೆ ಉತ್ತರ ಮೂಡುತ್ತದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಳ್ಳತೊಡಗಿದ ಯೂನಿಕ್ಸ್ ವ್ಯವಸ್ಥೆಯ ಪರಂಪರೆಗೆ ಸೇರಿದ ಪದ್ಧತಿಯಿದು. ಮೊದಲ ನೋಟಕ್ಕೆ ಒರಟೆನಿಸಿದರೂ ಹಳೆಯ ಯಂತ್ರಗಳಲ್ಲಿಯೂ ಸರಾಗವಾಗಿ ನಡೆಯುತ್ತದೆ.

'ಟಾಸ್ಕ್ ಆಡ್' ಎಂದು ಬರೆದು ಮುಂದೆ ಕೆಲಸದ ವಿವರ ಕೊಟ್ಟರೆ ಅದು ಪಟ್ಟಿಗೆ ಸೇರಿ ಒಂದು ಕ್ರಮಸಂಖ್ಯೆ ಪಡೆಯುತ್ತದೆ. 'ಡ್ಯೂ' ಎಂಬ ಪದದೊಡನೆ ಗಡುವನ್ನೂ, 'ಡಿಪೆಂಡ್ಸ್' ಎಂಬುದರೊಡನೆ ಅದಕ್ಕೂ ಮೊದಲು ಮುಗಿಯಬೇಕಾದ ಕೆಲಸದ ಸಂಖ್ಯೆಯನ್ನೂ ಸೂಚಿಸಬಹುದು. ಮುಗಿದ ಕೆಲಸಕ್ಕೆ 'ಡನ್'. ಆಜ್ಞೆಗಳು ಇಂಗ್ಲಿಷಿನವಾದರೂ ವಿವರವನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಕೆಲವು ಪರದೆಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲವೆಂಬುದು ಬೇರೆ ಮಾತು.

ಇಷ್ಟನ್ನು ಒಂದು ಒಳ್ಳೆಯ ದಿನಚರಿ ಪುಸ್ತಕವೂ ಮಾಡೀತು. ಈ ತಂತ್ರಾಂಶದ ವೈಶಿಷ್ಟ್ಯವಿರುವುದು ಪ್ರತಿಯೊಂದು ಕೆಲಸಕ್ಕೂ ಅದು ಹಾಕುವ ತುರ್ತಿನ ಅಂಕದಲ್ಲಿ. ಎರಡು ವಾರಕ್ಕಿಂತ ದೂರವಿರುವ ಗಡುವಿಗೆ 2.4 ಅಂಕ, ಹತ್ತಿರವಾದಂತೆ ಅದು ಏರುತ್ತ, ಗಡುವಿನ ಗಳಿಗೆಗೆ 8.8 ಆಗಿ, ಏಳು ದಿನ ಮೀರಿದಾಗ 12ಕ್ಕೆ ನಿಲ್ಲುತ್ತದೆ. ಹೆಚ್ಚಿನ ಆದ್ಯತೆಯೆಂದು ಗುರುತಿಸಿದರೆ 6. ಮತ್ತೊಂದು ಕೆಲಸ ತನಗಾಗಿ ಕಾದಿದ್ದರೆ 8. ತಾನೇ ಮತ್ತೊಂದಕ್ಕಾಗಿ ಕಾದಿದ್ದರೆ 5 ಕಳೆಯುತ್ತದೆ.

ಮೂರು ಕೆಲಸಗಳಿವೆಯೆಂದು ಭಾವಿಸೋಣ: ತಿಂಗಳ ನಂತರದ ಗಡುವಿರುವ ವಿದ್ಯಾರ್ಥಿವೇತನದ ಅರ್ಜಿ, ಅದಕ್ಕೆ ಬೇಕಾದ ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ತರಿಸುವುದು, ಹೆಚ್ಚಿನ ಆದ್ಯತೆಯೆಂದು ಯಾರೋ ಬರೆಸಿದ ಸುಣ್ಣಬಣ್ಣದ ಕೆಲಸ. ಅರ್ಜಿಗೆ 2.4ರಲ್ಲಿ 5 ಕಳೆದು ಋಣ 2.6. ಸುಣ್ಣಬಣ್ಣಕ್ಕೆ 6. ಪ್ರಮಾಣಪತ್ರಕ್ಕೆ 8. ಯಾರೂ ಮುಖ್ಯವೆಂದು ಹೇಳದಿದ್ದ ಪ್ರಮಾಣಪತ್ರವೇ ಪಟ್ಟಿಯ ತಲೆಗೆ ಬರುತ್ತದೆ. ಅನುಭವಸ್ಥ ಗುಮಾಸ್ತರು ಮನಸ್ಸಿನಲ್ಲಿಯೇ ಮಾಡುವ ಲೆಕ್ಕ ಇಲ್ಲಿ ಅಂಕಿಗಳಲ್ಲಿ ಕಾಣುತ್ತದೆ.

ಆದರೆ ಇದರಲ್ಲೊಂದು ಕುಂದಿದೆ. ಅರ್ಜಿಯ ಗಡುವು ಸಮೀಪಿಸಿದರೂ ಅದರ ತುರ್ತು ಪ್ರಮಾಣಪತ್ರಕ್ಕೆ ತಾನಾಗಿ ಹರಿದುಬರುವುದಿಲ್ಲ. ಪ್ರಮಾಣಪತ್ರದ ಅಂಕ 8ರಲ್ಲೇ ನಿಂತಿರುತ್ತದೆ; ಹಳತಾದುದಕ್ಕೆ ಸಿಗುವ ಅಂಕ ವರ್ಷಕ್ಕೆ 2 ಮಾತ್ರ. ಈ ನಡುವೆ 'ಇಂದೇ ಆಗಬೇಕು' ಎಂದು ಬರುವ ಸಣ್ಣಪುಟ್ಟ ಕೆಲಸಗಳು ತಲಾ 8.8ರೊಂದಿಗೆ ನಿತ್ಯವೂ ಅದನ್ನು ಕೆಳಕ್ಕೆ ತಳ್ಳುತ್ತವೆ. ಕಪಾಟಿನಲ್ಲಿಟ್ಟ ಕಡತದ ಗತಿಯೇ ಯಂತ್ರದೊಳಗೂ ಒದಗಿತು! ಪ್ರಮಾಣಪತ್ರಕ್ಕೂ ಅದರದೇ ಆದ ಗಡುವನ್ನು ಕೊಟ್ಟಲ್ಲಿ, ಅದು ಎಷ್ಟು ದೂರದ್ದಾದರೂ 2.4 ಸೇರಿ ಅಂಕ 10.4 ಆಗುತ್ತದೆ, ಹತ್ತು ದಿನ ಮುಂದಿನದಾದರೆ 12ನ್ನು ದಾಟುತ್ತದೆ. ಆಗ ಅದನ್ನು ದಿನದ ಗಲಾಟೆ ಮುಚ್ಚಲಾರದು. ತುರ್ತನ್ನು ಹಿಂದಿನ ಹಂತಕ್ಕೆ ಹರಿಸುವ ಏರ್ಪಾಡು ತಂತ್ರಾಂಶದಲ್ಲಿ ಇಲ್ಲದಿಲ್ಲ. ಆದರೆ ಬಳಸುವವರೇ ಅದನ್ನು ಚಾಲನೆಗೊಳಿಸಬೇಕು. ಅದಕ್ಕಿಂತ ಪ್ರತಿ ಹಂತಕ್ಕೂ ದಿನಾಂಕ ಬರೆಯುವ ರೂಢಿಯೇ ಲೇಸು. ನಾಡಕಚೇರಿಗೆ ಎಷ್ಟು ದಿನ ಹಿಡಿಯುತ್ತದೆಂಬುದು ಗುಮಾಸ್ತರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

'ವೇಟ್' ಎಂದು ದಿನಾಂಕ ಕೊಟ್ಟರೆ ಕೆಲಸ ಆ ದಿನದವರೆಗೆ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. 'ರಿಕರ್' ಎಂದರೆ ತಿಂಗಳ ವೇತನಪಟ್ಟಿಯಂತಹವು ಮರಳಿ ಮರಳಿ ಬರುತ್ತವೆ. ಇದು ತಾನಾಗಿ ಗಂಟೆ ಬಾರಿಸುವ ಸಾಧನವಲ್ಲವಾದುದರಿಂದ, ಬೆಳಗಿನ ಪ್ರಾರ್ಥನೆ ಮುಗಿದೊಡನೆ 'ಟಾಸ್ಕ್ ನೆಕ್ಸ್ಟ್' ಎಂದು ಬರೆದು ಪಟ್ಟಿಯನ್ನು ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. 2024ರ ಮೂರನೆಯ ಆವೃತ್ತಿಯಿಂದ ಮಾಹಿತಿಯನ್ನು ಸಂಗ್ರಹಿಸುವ ಬಗೆ ಬದಲಾಗಿದೆ. ಹಳೆಯ ಆವೃತ್ತಿಯಲ್ಲಿರುವವರು 'ಎಕ್ಸ್‌ಪೋರ್ಟ್' ಆಜ್ಞೆಯಿಂದ ಪಟ್ಟಿಯ ಪ್ರತಿಯೊಂದನ್ನು ತೆಗೆದಿಟ್ಟುಕೊಂಡೇ ಹೊಸದಕ್ಕೆ ಹೋಗತಕ್ಕದ್ದು.