ಶೀಗಿ ಹುಣ್ಣಿಮೆಯ ಸಿಂಗಾರ

ನಾಳೆ ಶೀಗಿ ಹುಣ್ಣಿಮೆ. ಅಥಣಿ ತಾಲೂಕಿನ ಸತ್ತಿ ಊರು. ಒಂದು ಮನೆಯಲ್ಲಿ ಅತ್ತೆ ಟ್ರಂಕು ತೆಗೆದು ಕುಳಿತಿದ್ದಾಳೆ. ಸೊಸೆ ಹತ್ತಿರ ಬಂದಳು.

ಶೀಗಿ ಹುಣ್ಣಿಮೆ ಹೊಲದ ಹಬ್ಬ. ಪೈರು ಬೆಳೆದು ನಿಂತಿರುತ್ತದೆ. ಭೂಮಿತಾಯಿ ಬಸುರಿ ಎನ್ನುತ್ತಾರೆ ಹಿರಿಯರು. ಹೊಲಕ್ಕೆ ಬುತ್ತಿ ಒಯ್ದು ಪೂಜೆ ಮಾಡುತ್ತೇವೆ. ಚರಗ ಚೆಲ್ಲುತ್ತೇವೆ. ಬಸುರಿಯನ್ನು ನೋಡಲು ಹೋಗುವವರು ಮಾಸಿದ ಸೀರೆ ಉಟ್ಟು ಹೋಗುತ್ತಾರೆಯೇ?

ಟ್ರಂಕಿನಿಂದ ಇಳಕಲ್ ಸೀರೆ ಹೊರಗೆ ಬಂತು. ಕೆಂಪು ಸೆರಗು. ಅದರಲ್ಲಿ ಬಿಳಿಯ ತೋಪು ತೆನೆ.

"ಇಲ್ಲಿ ಮುಟ್ಟಿ ನೋಡವಾ," ಎಂದಳು ಅತ್ತೆ. "ಸೀರಿ ಮೈ ಬ್ಯಾರೆ, ಸೆರಗ ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಿಸ್ತಾರ. ಮಷೀನಿನ ಸೀರ್ಯಾಗ ಇದು ಸಿಗೂದಿಲ್ಲ."

ಕುಪ್ಪಸ ಗುಳೇದಗುಡ್ಡದ ಖಣದ್ದು. ಮೂಗಿಗೆ ನತ್ತು, ಕಿವಿಗೆ ಬುಗುಡಿ, ಕೈಗೆ ಪಾಟ್ಲಿ. ಕೈತುಂಬ ಹಸಿರು ಬಳೆ.

"ಅತ್ತ್ಯಾರ, ಕೊಳ್ಳಾಗಿನ ಬೋರಮಾಳ ಎಲ್ಲಿರಿ?"

"ಗಿರವಿ ಐತಿ. ಹ್ವಾದ ವರ್ಷ ಬ್ಯಾಸಗ್ಯಾಗ ಮೋಟರ ಸುಟ್ಟಿತ್ತಲ್ಲ? ಆವಾಗ ಇಟ್ಟೀನಿ. ಈಗ ಹಾಲಿನ ರೊಕ್ಕ ಕೂಡೇತಿ. ಇವತ್ತ ಬಿಡಿಸ್ಕೊಂಡ ಬರೂಣು."

ಸೀರೆಯ ಮಡಿಕೆಯಲ್ಲಿ ಚೀಟಿ ಇತ್ತು. ಅದಕ್ಕೆ ಅತ್ತೆ ಹೆಬ್ಬೆಟ್ಟು ಒತ್ತಿದ್ದಳು. ಆಗ ಓದು ಬರುತ್ತಿರಲಿಲ್ಲ. ಈಗ ಬೆರಳಿಟ್ಟು ಓದಿದಳು. "ಬೋ-ರ-ಮಾ-ಳ. ಒಂ-ದು ತೊ-ಲಿ."

ಅತ್ತೆ ಸುಮ್ಮನಾದಳು. ನಂತರ ಕೇಳಿದಳು. "ಒಂದ ತೊಲಿ ಅಂದ್ರ ಎಷ್ಟ ಗ್ರಾಂ?"

ಹಳೆಯ ತೊಲಿ ಎಂದರೆ 11 ಗ್ರಾಂ 660 ಮಿಲಿಗ್ರಾಂ. ಈಗ ಪೇಟೆಯಲ್ಲಿ 10 ಗ್ರಾಮಿಗೂ ಒಂದು ತೊಲಿ ಎನ್ನುತ್ತಾರೆ. ಅತ್ತೆಯ ಸರ ತವರಿನದು, ಹಳೆಯ ತೊಲಿಯದು. ಒಂದೆರಡು ಗುಂಡು ಕಡಿಮೆಯಾದರೂ ಚೀಟಿಯ ಲೆಕ್ಕ ಸರಿಯಾಗಿಯೇ ಕಾಣುತ್ತದೆ! ಇನ್ನೊಂದು ಮಾತು. ಬೋರಮಾಳದ ಗುಂಡಿನ ಒಳಗೆ ಅರಗು ಇರುತ್ತದೆ. ಅರಗಿನ ತೂಕ ಬೇರೆ, ಬಂಗಾರದ ತೂಕ ಬೇರೆ. ಈ ಚೀಟಿಯಲ್ಲಿ ಅದೂ ಇಲ್ಲ.

ಕರ್ನಾಟಕದಲ್ಲಿ 1961ರ ಗಿರವಿ ಕಾಯ್ದೆ ಇದೆ. ಗಿರವಿ ಅಂಗಡಿಗೆ ಪರವಾನಗಿ ಬೇಕು. ಒಡವೆ ಇಟ್ಟವರಿಗೆ ಚೀಟಿ ಕೊಡಲೇಬೇಕು. ಆದರೆ ಓದದೆ ಇಟ್ಟುಕೊಂಡ ಚೀಟಿ ಏನು ಮಾಡೀತು?

ಇಬ್ಬರೂ ಅಂಗಡಿಗೆ ಹೋದರು. ಅತ್ತೆ ಮೊದಲು ಸರ ಕೈಗೆ ತೆಗೆದುಕೊಂಡಳು. ಗುಂಡು ಎಣಿಸಿದಳು. ಅಂಗಡಿಯವನು ನಕ್ಕ. "ಯಾಕವಾ, ನಂಬಿಗಿ ಇಲ್ಲೇನು?"

"ನಂಬಿಗಿ ಐತ್ರಿ. ಆದ್ರೂ ತಕ್ಕಡಿಗೆ ಹಾಕ್ರಿ."

ತಕ್ಕಡಿಯಲ್ಲಿ ಅಂಕಿ ಬಂತು. 11 ಗ್ರಾಂ 640. ಇಷ್ಟು ವರ್ಷ ಕೊರಳಲ್ಲಿ ಸವೆದದ್ದು 20 ಮಿಲಿಗ್ರಾಂ. ಅತ್ತೆಗೆ ಉಸಿರು ಬಂದಂತಾಯಿತು. ರೊಕ್ಕ, ಬಡ್ಡಿ ಎಣಿಸಿ ಕೊಟ್ಟಳು. ಮುಟ್ಟಿದ್ದಕ್ಕೆ ಪಾವತಿ ಬರೆಸಿಕೊಂಡಳು. ಸಹಿ ತಾನೇ ಮಾಡಿದಳು.

ಮರುದಿನ ಅತ್ತೆ, ಸೊಸೆ ಬುತ್ತಿ ಹೊತ್ತು ಹೊಲಕ್ಕೆ ಹೊರಟರು. ಬೋರಮಾಳ ಸೊಸೆಯ ಕೊರಳಲ್ಲಿತ್ತು.

ಓದಿ, ಬರೆಯಿರಿ

ನನ್ನ ಒಡವೆಯ ಹೆಸರು: ........
ತೂಕ: ..... ಗ್ರಾಂ ..... ಮಿಲಿಗ್ರಾಂ
ಗುಂಡು ಎಷ್ಟು: .....
ಕೊಟ್ಟವರು ಯಾರು: ........
ಈಗ ಎಲ್ಲಿದೆ: ........